ಜೇಬು ನೋಡಿ ಮಣೆ ಹಾಕುತ್ತಾರೆಯೇ?

ಓದುಗರ ಪ್ರಶ್ನೆ – ನಮ್ಮ ಉತ್ತರ: ಪ್ರವಾಸ

ಮಗ ಇಬ್ಬರು ಗೆಳೆಯರ ಜೊತೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಇಟಲಿಗೆ ಹೊರಟಿದ್ದಾನೆ. ವೆನಿಸ್‌ನಲ್ಲಿ ಇಂಥ ಹುಡುಗರಿಗೆ ದಂಡ ಹಾಕಿ ಊರಾಚೆ ಕಳಿಸುತ್ತಾರೆ, ದುಡ್ಡಿದ್ದವರಿಗೆ ಮಾತ್ರ ಮರ್ಯಾದೆ ಎಂದು ಓದಿದೆ. ನಿಜವೇ?
– ಓದುಗರು, ಧಾರವಾಡ

ನೀವು ಓದಿದ್ದು ಬಹುಶಃ 2019ರ ಜುಲೈ ತಿಂಗಳ ಸುದ್ದಿ. ರಿಯಾಲ್ಟೊ ಸೇತುವೆಯ ಮೆಟ್ಟಿಲ ಬುಡದಲ್ಲಿ ಪುಟ್ಟ ಸ್ಟೌ ಹಚ್ಚಿ ಕಾಫಿ ಕಾಯಿಸಿಕೊಂಡ ಇಬ್ಬರು ಜರ್ಮನ್ ಪ್ರವಾಸಿಗರಿಗೆ 950 ಯೂರೋ ದಂಡ ಬಿತ್ತು, ಊರು ಬಿಟ್ಟು ಹೊರಡಿ ಎಂದೂ ಹೇಳಿದರು. ದಂಡ ಬಿದ್ದದ್ದು ಒಲೆಗೆ, ಬ್ಯಾಗಿಗಲ್ಲ. ಆದರೆ ಆ ಊರಿನ ನಿಯಮಗಳಲ್ಲಿ ಕೆಲವು ಕಡಿಮೆ ಖರ್ಚಿನವರ ಕಾಲಿಗೇ ಹೆಚ್ಚು ತೊಡರುತ್ತವೆ ಎಂಬುದು ನಿಜ. ಸೇತುವೆಯ ಮೆಟ್ಟಿಲ ಮೇಲೆ ಕೂರುವ ಹಾಗಿಲ್ಲ, ಸಾನ್ ಮಾರ್ಕೊ ಚೌಕದಲ್ಲಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚುವ ಹಾಗಿಲ್ಲ, ಕಾಲುವೆಗೆ ಇಳಿಯುವ ಹಾಗಿಲ್ಲ. ಹೋಟೆಲಿನ ಬಾಲ್ಕನಿ ಇದ್ದವರಿಗೆ ಮೆಟ್ಟಿಲ ಮೇಲೆ ಕೂರುವ ದರ್ದು ಬರುವುದಿಲ್ಲವಷ್ಟೆ.

ಹಾಗಂತ ಸಿರಿವಂತರಿಗೆ ಅಲ್ಲಿ ಆರತಿ ಎತ್ತುತ್ತಾರೆ ಎಂದುಕೊಳ್ಳಬೇಡಿ. 25 ಸಾವಿರ ಟನ್ನಿಗಿಂತ ದೊಡ್ಡ ಪ್ರವಾಸಿ ಹಡಗುಗಳು ಊರೊಳಗಿನ ಜುದೆಕ್ಕ ಕಾಲುವೆಗೆ ಬರುವುದು 2021ರ ಆಗಸ್ಟ್ 1ರಿಂದ ಬಂದ್ ಆಗಿದೆ. 2025ರ ಜೂನ್‌ನಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರ ಮದುವೆ ಅಲ್ಲಿ ನಡೆದಾಗ ಊರಿನವರೇ ಬೀದಿಗಿಳಿದು ಪ್ರತಿಭಟಿಸಿದರು. 1951ರಲ್ಲಿ ಸುಮಾರು 1.75 ಲಕ್ಷ ಜನರಿದ್ದ ಹಳೆಯ ನಗರದಲ್ಲಿ ಈಗ 50 ಸಾವಿರವೂ ಇಲ್ಲ. ಮನೆಗಳು ಬಾಡಿಗೆ ಕೋಣೆಗಳಾಗಿವೆ, ದಿನಸಿ ಅಂಗಡಿಗಳು ಮುಖವಾಡದ ಅಂಗಡಿಗಳಾಗಿವೆ. ಊರಿನವರಿಗೆ ಹೆಚ್ಚು ಸಿಟ್ಟು ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುವವರ ಮೇಲೆ. ಪ್ರವೇಶ ಶುಲ್ಕ ಹಾಕಿರುವುದೂ ಅವರಿಗೇ.

ನಿಮ್ಮ ಮಗನಿಗೆ ಬೇಕಾದ ವಿವರ ಇದು. ಶುಲ್ಕ 2024ರ ಏಪ್ರಿಲ್ 25ರಂದು ಶುರುವಾಯಿತು. ಮೊದಲ ವರ್ಷ 29 ದಿನ, 2025ರಲ್ಲಿ 54 ದಿನ, ಅದೂ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಮಾತ್ರ. 2025ರ ದರದಂತೆ ನಾಲ್ಕು ದಿನ ಮುಂಚೆ ಕಟ್ಟಿದರೆ 5 ಯೂರೋ, ತಡ ಮಾಡಿದರೆ 10. ದಿನಗಳ ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ, ನಗರಸಭೆಯ ಜಾಲತಾಣದಲ್ಲಿ ನೋಡಿಕೊಳ್ಳಲಿ. ವೆನಿಸ್ ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ ಈ ಶುಲ್ಕ ಇಲ್ಲ. ಸೇತುವೆಯಾಚೆಯ ಮೆಸ್ತ್ರೆ ಕೂಡ ಅದೇ ವ್ಯಾಪ್ತಿಗೆ ಸೇರುತ್ತದೆ. ಅಲ್ಲಿನ ಹಾಸ್ಟೆಲುಗಳು ಅಗ್ಗ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ. ಬೇರೆ ನಗರವಾದ ಪಾದುವಾದಲ್ಲಿ ಇನ್ನೂ ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿ ತಂಗಿದರೆ ಶುಲ್ಕ ಕಟ್ಟಲೇಬೇಕು.

ಬಹಳ ಜನ ಎಡವುವುದು ವಿನಾಯಿತಿ ವಿಷಯದಲ್ಲಿ. ತಂಗುವವರೂ ಅದೇ ಜಾಲತಾಣದಲ್ಲಿ ಹೆಸರು, ದಿನಾಂಕ, ತಂಗುವ ಜಾಗ ತುಂಬಿ ಕ್ಯೂಆರ್ ಕೋಡ್ ಪಡೆದಿರಬೇಕು. ಕೋಡ್ ಇಲ್ಲದೆ ಸಿಕ್ಕಿಬಿದ್ದರೆ 50ರಿಂದ 300 ಯೂರೋ ದಂಡ. ಹೋಟೆಲಿನಲ್ಲಿ ಕಟ್ಟುವ ರಾತ್ರಿ ತೆರಿಗೆಯೇ ಬೇರೆ.

ಖರ್ಚು ಏರುವುದು ನೀರ ಬಸ್ಸಿನಲ್ಲಿ: 75 ನಿಮಿಷದ ಒಂದು ಟಿಕೆಟ್ಟಿಗೆ 9.50 ಯೂರೋ. 6ರಿಂದ 29 ವಯಸ್ಸಿನವರಿಗೆ ‘ರೋಲಿಂಗ್ ವೆನಿಸ್’ ಎಂಬ ಕಾರ್ಡ್ ಇದೆ, ಅದರ ಮೇಲೆ ಮೂರು ದಿನದ ಪಾಸು ಸಾಕಷ್ಟು ಅಗ್ಗಕ್ಕೆ ಸಿಗುತ್ತದೆ. ದೊಡ್ಡ ಕಾಲುವೆಯನ್ನು ಬರೀ ದಾಟುವುದಾದರೆ ‘ತ್ರಗೆತ್ತೊ’ ಎಂಬ ಹಾಯುವ ದೋಣಿ ಇದೆ, 2 ಯೂರೋ. ಕಾಫಿಯನ್ನು ನಮ್ಮ ದರ್ಶಿನಿಗಳ ಹಾಗೆ ಕೌಂಟರಿನ ಮುಂದೆ ನಿಂತು ಕುಡಿಯಲಿ. ಕೂತರೆ ಬೆಲೆ ಬೇರೆ, ಸಾನ್ ಮಾರ್ಕೊದಲ್ಲಿ ವಾದ್ಯ ನುಡಿಸುತ್ತಿದ್ದರೆ ಅದಕ್ಕೂ ಬಿಲ್ಲಿನಲ್ಲಿ ಸಾಲೊಂದು ಸೇರುತ್ತದೆ. ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಒಯ್ದರೆ ಸಾಕು. ಇನ್ನು ಬ್ಯಾಗಿನ ಮಾತು. ನೀರ ಬಸ್ಸಿನಲ್ಲಿ ಅದನ್ನು ಬೆನ್ನಿಂದ ಇಳಿಸಿ ಕಾಲ ಬಳಿ ಇಟ್ಟುಕೊಳ್ಳಲಿ. ತಿರುಗಿದಾಗಲೆಲ್ಲ ಹಿಂದಿನವರ ಮುಖಕ್ಕೆ ತಗಲುವ ಬ್ಯಾಗು ಯಾವ ಊರಿನಲ್ಲೂ ಸ್ನೇಹ ಗಳಿಸಿಕೊಡದು.

ಹಂಪಿಗೆ ಹತ್ತಿರದಲ್ಲೇ ನಾಲ್ಕು ಕೋಣೆಗಳ ಹೋಂಸ್ಟೇ ನಮ್ಮದು. “ಕ್ವಾಲಿಟಿ ಟೂರಿಸ್ಟ್ ಬರಬೇಕು, ಬ್ಯಾಗಿನವರಿಂದ ಊರಿಗೆ ಏನೂ ಇಲ್ಲ” ಎಂದು ಸಭೆಗಳಲ್ಲಿ ಹೇಳುತ್ತಾರೆ. ಎ.ಸಿ. ಹಾಕಿಸಿ ದರ ಏರಿಸೋಣವೇ?
– ಓದುಗರು, ವಿಜಯನಗರ ಜಿಲ್ಲೆ

ಸಾಲ ಮಾಡುವ ಮುಂಚೆ ಒಂದು ಲೆಕ್ಕ ಹಾಕಿ. ಅಂಕಿಗಳು ಅಂದಾಜಿನವು, ಕೂಡುವ ರೀತಿ ತೋರಿಸಲಿಕ್ಕೆ ಮಾತ್ರ. ದೊಡ್ಡ ರೆಸಾರ್ಟಿನ ಅತಿಥಿ ರಾತ್ರಿಗೆ 25,000 ಕೊಟ್ಟು ಒಂದು ರಾತ್ರಿ ತಂಗುತ್ತಾನೆ. ಬುಕಿಂಗ್ ಕಂಪನಿಯ ಕಮಿಷನ್, ತೆರಿಗೆ, ಹೊರಗಿನಿಂದ ತರಿಸಿದ ಸಾಮಾನು, ಮಾಲೀಕ ಸಂಸ್ಥೆಯ ಲಾಭ ಕಳೆದು ನಿಮ್ಮ ತಾಲ್ಲೂಕಿನಲ್ಲಿ ಉಳಿಯುವುದು ಸಂಬಳ, ತರಕಾರಿ, ಗೈಡು ಎಂದು 5,000 ಎಂದುಕೊಳ್ಳಿ. ಬ್ಯಾಗಿನವನು ದಿನಕ್ಕೆ 1,500 ಖರ್ಚು ಮಾಡಿ ಐದು ದಿನ ಇರುತ್ತಾನೆ. ಒಟ್ಟು 7,500. ಕೋಣೆ ನಿಮ್ಮದು, ಇಡ್ಲಿ ಎದುರುಮನೆಯವರದ್ದು, ಸೈಕಲ್ ಬಾಡಿಗೆ ಮೂಲೆಯವರದ್ದು, ದೋಣಿ ನದಿಯವರದ್ದು. ಅದರಲ್ಲಿ 6,000 ಊರಲ್ಲೇ ಉಳಿದೀತು. ಹೀಗೆ ತಲೆಗೆ ಇಷ್ಟೆಂದು ನೋಡಿದರೆ ಬ್ಯಾಗಿನವನು ಹಗುರವಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಆ ಐದು ದಿನ ಅವನು ನಿಮ್ಮ ನೀರು, ನಿಮ್ಮ ಚರಂಡಿ ಬಳಸುತ್ತಾನೆ. ದೊಡ್ಡ ಹೋಟೆಲು ನೌಕರರಿಗೆ ಪಿ.ಎಫ್. ಕಟ್ಟುತ್ತದೆ, ಸಣ್ಣ ಗೆಸ್ಟ್‌ಹೌಸಿನಲ್ಲಿ ಕೆಲಸದ ಹುಡುಗನಿಗೆ ಸೀಸನ್ ಮುಗಿದ ಮೇಲೆ ಸಂಬಳ ಇರುವುದಿಲ್ಲ. ಎರಡರಲ್ಲೂ ಹುಳುಕಿದೆ. ಬೆಳಿಗ್ಗೆ ಹತ್ತಕ್ಕೆ ಬಸ್ಸಿಂದ ಇಳಿದು ನಾಲ್ಕಕ್ಕೆ ಹತ್ತಿ, ನೀರಿನ ಬಾಟಲಿ ಮಾತ್ರ ಬಿಟ್ಟುಹೋಗುವವರಿಂದ ಎರಡೂ ಬಗೆಯವರಿಗಿಂತ ಕಡಿಮೆ ಹುಟ್ಟುತ್ತದೆ. ಅವರು ಶ್ರೀಮಂತರೋ ಬಡವರೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ನಿಮ್ಮ ಶ್ರಮ ರಾತ್ರಿಗಳನ್ನು ಹೆಚ್ಚಿಸುವ ಕಡೆಗಿರಲಿ. ಮೂರನೆಯ ರಾತ್ರಿಗೆ ನೂರಕ್ಕೆ ಹದಿನೈದು, ಐದನೆಯದಕ್ಕೆ ಇಪ್ಪತ್ತೈದು ಕಡಿಮೆ ಮಾಡಿ, ದರವನ್ನು ಗೋಡೆಗೆ ಅಂಟಿಸಿಬಿಡಿ. ರಾತ್ರಿಯ ಊಟದ ಲೆಕ್ಕ ಮಧ್ಯಾಹ್ನವೇ ಕೇಳಿಟ್ಟುಕೊಂಡರೆ ಉಳಿಕೆ ಬೀಳುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿ. ಪಿಜ್ಜಾ ಮಾಡಲು ಹೋಗಬೇಡಿ, ಅದನ್ನು ಅವರು ಊರಲ್ಲಿ ಇದಕ್ಕಿಂತ ಚೆನ್ನಾಗಿ ತಿಂದಿರುತ್ತಾರೆ. ಎ.ಸಿ.ಗೆ ಮೊದಲು ಸೊಳ್ಳೆ ಜಾಲರಿ, ಗಟ್ಟಿ ಹಾಸಿಗೆ, ಬೆಳಿಗ್ಗೆ ಬಿಸಿನೀರು. ಅತಿಥಿಗಳು ಸೂರ್ಯೋದಯಕ್ಕೆ ಮಾತಂಗ ಬೆಟ್ಟ ಹತ್ತಿ ಬಂದವರು. ಆಗ ಬಿಸಿನೀರು ಇಲ್ಲದಿದ್ದರೆ ಅಂತರ್ಜಾಲದಲ್ಲಿ ನಿಮ್ಮ ಬಗ್ಗೆ ಒಂದು ನಕ್ಷತ್ರ ಕಡಿಮೆ ಬೀಳುತ್ತದೆ.

ದರ ಏರಿಸುವುದಾದರೆ ಒಂದು ಗೆರೆ ನೆನಪಿರಲಿ: ದಿನಕ್ಕೆ 7,500 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಅದರೊಳಗಿನ ಕೋಣೆಗೆ ಜಿ.ಎಸ್.ಟಿ. ಶೇ 5, ಮೇಲಿನದಕ್ಕೆ ಶೇ 18. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು.

ನಷ್ಟ ಆಗುವ ಜಾಗಗಳು ಎರಡು. ಒಂದು ಆಟೋ ಕಮಿಷನ್. ಗಿರಾಕಿಯನ್ನು ಕರೆತಂದವರಿಗೆ ಕೊಟ್ಟು, ಅದನ್ನು ಕೋಣೆಯ ದರಕ್ಕೆ ಸೇರಿಸಿ, ಒಂದೇ ಕೋಣೆಗೆ ಎರಡು ದರ ಮಾಡಿದರೆ ಸಂಜೆ ಚಹಾದ ಹೊತ್ತಿಗೆ ಇಬ್ಬರು ಅತಿಥಿಗಳು ಮಾತಾಡಿಕೊಂಡು ನಿಮ್ಮನ್ನು ಹಿಡಿಯುತ್ತಾರೆ. ಇನ್ನೊಂದು, ವಿದೇಶಿಯರ ವಿವರ. ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿ ತೆಗೆದು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಹೋಂಸ್ಟೇಗೂ ಇದು ತಪ್ಪಿದ್ದಲ್ಲ. ಎಷ್ಟೋ ಸಣ್ಣ ಮಾಲೀಕರು ಈ ಭಯಕ್ಕೇ “ಫಾರಿನರ್ಸ್‌ಗೆ ರೂಮಿಲ್ಲ” ಎನ್ನುತ್ತಾರೆ. ಒಮ್ಮೆ ಲಾಗಿನ್ ಮಾಡಿಸಿಕೊಂಡರೆ ತಲೆಗೆ ಹತ್ತು ನಿಮಿಷದ ಕೆಲಸ.

ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡಿಯಲ್ಲಿ ಪ್ರವಾಸಿಗರು ತಂಗುತ್ತಿದ್ದ ಗುಡಿಸಲುಗಳನ್ನು ಕೆಡವಿದರು, ದೊಡ್ಡ ಹೋಟೆಲುಗಳು ಹಾಗೇ ಇವೆ. ಇದು ಬಡ ಪ್ರವಾಸಿಗರನ್ನು ಓಡಿಸುವ ಹುನ್ನಾರ ಅಲ್ಲವೇ?
– ಓದುಗರು, ಗಂಗಾವತಿ

ಕಾನೂನಿನ ಕಣ್ಣಿನಲ್ಲಿ ಪ್ರಶ್ನೆ ಇದ್ದದ್ದು ಜಾಗದ್ದು. 1988ರ ಅಧಿಸೂಚನೆಯ ಪ್ರಕಾರ ಗಡ್ಡಿ ರಾಜ್ಯದ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ, ಅಲ್ಲಿ ಕಟ್ಟಿದ್ದು ಅಕ್ರಮ ಎಂಬ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ತೆರವಾಯಿತು. ಅದಕ್ಕೂ ಮುಂಚೆ, 2011ರ ಜುಲೈನಲ್ಲಿ, ವಿರೂಪಾಕ್ಷ ಗುಡಿಯ ಮುಂದಿನ ತೇರುಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಲಾಗಿತ್ತು.

ಆದರೂ ನಿಮ್ಮ ಅನುಮಾನವನ್ನು ತಳ್ಳಿಹಾಕಲಾಗದು. ಹಂಪಿ ವಿಶ್ವ ಪರಂಪರೆ ಪ್ರದೇಶದಲ್ಲಿ ಕಟ್ಟಬೇಕೆಂದರೆ ಪ್ರಾಧಿಕಾರದ ಅನುಮತಿ, ನಕ್ಷೆ, ಭೂಪರಿವರ್ತನೆ ಎಂದು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಲವತ್ತು ಕೋಣೆಯವರಿಗೂ ನಾಲ್ಕು ಕೋಣೆಯವರಿಗೂ ಅಲೆದಾಟ ಹೆಚ್ಚುಕಡಿಮೆ ಒಂದೇ. ಅದಕ್ಕೆಂದೇ ಒಬ್ಬ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ನಲವತ್ತು ಕೋಣೆಯವರಿಗಿದೆ. ನಾಲ್ಕು ಕೋಣೆಯವರು ಸುಸ್ತಾಗಿ ತಗಡು ಹಾಕಿ ಶುರುಮಾಡಿಬಿಡುತ್ತಾರೆ, ಕೆಡವಲು ಬಂದಾಗ ತೋರಿಸಲು ಕಾಗದ ಇರುವುದಿಲ್ಲ. ಗಡ್ಡಿ ಖಾಲಿಯಾದ ಮೇಲೆ ವ್ಯಾಪಾರ ನಿಲ್ಲಲಿಲ್ಲ. ನಿಮ್ಮದೇ ತಾಲ್ಲೂಕಿನ ಸಾಣಾಪುರ, ಆನೆಗೊಂದಿ ಕಡೆಗೆ ಸರಿಯಿತು. ಅಲ್ಲಿ ಜಾಗ ಕೊಳ್ಳುವವರು, ಗುತ್ತಿಗೆಗೆ ಹಿಡಿಯುವವರು ಸರ್ವೆ ನಂಬರ್ ಹಿಡಿದು ಅದು ಯಾವ ವಲಯಕ್ಕೆ ಬರುತ್ತದೆ ಎಂದು ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಲಿ. “ಎಲ್ಲರೂ ಕಟ್ಟಿದ್ದಾರೆ” ಎಂಬುದು ಗಡ್ಡಿಯವರನ್ನು ಉಳಿಸಲಿಲ್ಲ.

ಅಮೆರಿಕದಿಂದ ಬಂದ ನಮ್ಮನ್ನು ಹಂಪಿಯ ಕೌಂಟರಿನಲ್ಲಿ ತಲೆಗೆ 600 ರೂಪಾಯಿ ಕೇಳಿದರು. ಕನ್ನಡದಲ್ಲೇ ಮಾತಾಡಿದರೂ ಬಿಡಲಿಲ್ಲ!
– ಓದುಗರು, ಡಲ್ಲಾಸ್

ದರ ನೋಡುವುದು ಪೌರತ್ವವನ್ನು, ಮಾತನ್ನಲ್ಲ. ವಿಠ್ಠಲ ದೇವಸ್ಥಾನಕ್ಕೆ ಭಾರತೀಯರಿಗೆ 40, ವಿದೇಶಿಯರಿಗೆ 600. ಆದರೆ ಓ.ಸಿ.ಐ. ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದವರಿಗೆ ಸ್ಮಾರಕಗಳ ಪ್ರವೇಶ ದರ ಭಾರತೀಯರಷ್ಟೇ ಎಂದು ಕೇಂದ್ರ ಗೃಹ ಇಲಾಖೆಯ 2021ರ ಮಾರ್ಚ್ 4ರ ಅಧಿಸೂಚನೆ ಹೇಳುತ್ತದೆ. ಮೂಲ ಕಾರ್ಡನ್ನೇ ತನ್ನಿ, ಫೋನಿನ ಫೋಟೋ ಒಪ್ಪದಿರಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಕಾರ್ಡ್ ಇಲ್ಲದ ವಿದೇಶಿ ಸೊಸೆ, ಅಳಿಯಂದಿರು 600 ಕೊಡಬೇಕು. ಅದೇ ಟಿಕೆಟ್ ಆ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಎಸೆಯಬೇಡಿ.

ಎಲ್ಲರಿಗೂ ಒಂದೇ ಶುಲ್ಕ ಹಾಕುವುದು ನ್ಯಾಯವೇ? ಬೇರೆ ದಾರಿ ಹಿಡಿದ ಊರು ಇದೆಯೇ?
– ಓದುಗರು, ಮೈಸೂರು

ಜಪಾನಿನ ಕ್ಯೋಟೋ ಇದೆ. ಅಲ್ಲಿ ತಂಗುವ ತೆರಿಗೆ ಕೋಣೆಯ ದರಕ್ಕೆ ತಕ್ಕಂತೆ ಏರುತ್ತದೆ. 2026ರ ಮಾರ್ಚ್ 1ರಿಂದ ತಲೆಗೆ, ರಾತ್ರಿಗೆ 6,000 ಯೆನ್ ಒಳಗಿನ ಕೋಣೆಗೆ 200 ಯೆನ್, ಒಂದು ಲಕ್ಷ ಯೆನ್ ಮೇಲಿನದಕ್ಕೆ 10,000 ಯೆನ್. ಹಾಸ್ಟೆಲಿನ ಹುಡುಗನಿಗೆ ಭಾರವಾಗದೆ ಅರಮನೆಯಂಥ ಕೋಣೆಯವರಿಂದ ವಸೂಲಾಗುತ್ತದೆ, ಸರಿ. ಆದರೆ ಒಸಾಕಾದಲ್ಲಿ ತಂಗಿ ಅರ್ಧ ಗಂಟೆಯ ರೈಲಿನಲ್ಲಿ ಬಂದು ಬಸ್ಸು, ಗಲ್ಲಿ ತುಂಬಿಸಿ ಸಂಜೆ ಮರಳುವವರ ಕೂದಲನ್ನೂ ಅದು ಮುಟ್ಟುವುದಿಲ್ಲ. ವೆನಿಸ್ ಹಿಡಿಯಲು ಹೊರಟಿರುವುದು ಅವರನ್ನೇ, ಆದರೆ ಅದರ ಐದು ಯೂರೋ ಕೋಟ್ಯಧಿಪತಿಗೂ ವಿದ್ಯಾರ್ಥಿಗೂ ಒಂದೇ. ಭೂತಾನದ್ದು ನೇರ ದಾರಿ: ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ, ಉಳಿದ ಬಹುತೇಕ ದೇಶದವರಿಗೆ 100 ಡಾಲರ್. ಕಡಿಮೆ ದುಡ್ಡಿನವರು ಬಾರದಿದ್ದರೆ ಬೇಡ ಎಂದು ಮುಚ್ಚುಮರೆ ಇಲ್ಲದೆ ಹೇಳುವ ದಾರಿ ಅದು. ನಮಗೆ ಕೇಳಿದರೆ ಕ್ಯೋಟೋ ಮಾದರಿಗೆ ಹಗಲು ಬಸ್ಸುಗಳ ನಿಲುಗಡೆ ಶುಲ್ಕ ಸೇರಿಸಬೇಕು. ಮೈಸೂರಿನವರಿಗೆ ದಸರಾ ಹೊತ್ತಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಾಲೆಯ 50 ಮಕ್ಕಳನ್ನು ಡಿಸೆಂಬರಿನಲ್ಲಿ ಹಂಪಿಗೆ ಕರೆದೊಯ್ಯುತ್ತೇವೆ. ಬುತ್ತಿ ನಮ್ಮದೇ. ಕಳೆದ ಬಾರಿ ಅಂಗಡಿಯವರು ಮುಖ ಸಿಂಡರಿಸಿದರು.
– ಶಿಕ್ಷಕರು, ದಾವಣಗೆರೆ ಜಿಲ್ಲೆ

ಚಿತ್ರಾನ್ನ ತಂದಿದ್ದಕ್ಕಲ್ಲ, ತಿಂದ ಮೇಲೆ ಉಳಿದ ಎಲೆ, ಲೋಟಕ್ಕೆ. ಐವತ್ತು ಮಕ್ಕಳಿಗೆ ಸ್ಟೀಲ್ ತಟ್ಟೆ ಹೇಳಿಬಿಡಿ, ಎರಡು 20 ಲೀಟರ್ ನೀರಿನ ಕ್ಯಾನು, ಕಸಕ್ಕೆ ನಾಲ್ಕು ಗೋಣಿಚೀಲ ಬಸ್ಸಿನಲ್ಲಿರಲಿ. ಸ್ಮಾರಕದ ಒಳಗೆ ಊಟ ಬೇಡ, ನಿಲುಗಡೆ ಜಾಗದ ನೆರಳು ನೋಡಿಕೊಳ್ಳಿ. ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆ ಮೊದಲು ಹೋಗಿ. ಹನ್ನೊಂದರ ಮೇಲೆ ಬ್ಯಾಟರಿ ಗಾಡಿಯ ಸಾಲು ಉದ್ದ. ಹೇಗೂ ಒಂದು ಕಿಲೋಮೀಟರ್ ಚಿಲ್ಲರೆ ದಾರಿ, ಮಕ್ಕಳು ನಡೆಯಲಿ. ಕಲ್ಲಿನ ಕಂಬ ಬಡಿದು ಸಪ್ಪಳ ಕೇಳಲು ಬಿಡಬೇಡಿ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ದಿನ ನಿಗದಿ ಮಾಡುವಾಗ ನೋಡಿ. ಊರಿನವರಿಗೂ ನಾಲ್ಕು ಕಾಸು ಸಿಗಲಿ ಎಂದಿದ್ದರೆ ಮಧ್ಯಾಹ್ನಕ್ಕೆ ಬಾಳೆಹಣ್ಣು, ಮಂಡಕ್ಕಿ–ಮಿರ್ಚಿ ಅಲ್ಲೇ ಕೊಳ್ಳಿ. ಐವತ್ತು ಮಿರ್ಚಿ ಬೇಕೆಂದು ಇಳಿದ ಕೂಡಲೇ ಹೇಳಿಟ್ಟರೆ ಊಟದ ಹೊತ್ತಿಗೆ ಬಿಸಿಯಾಗಿ ಸಿಗುತ್ತದೆ.