ಹಳೇ ಬಾಗಿಲು, ಗ್ಯಾಸ್ ಟಾರ್ಚ್ ಮತ್ತು ಸೀಸ

ಪ್ರಶ್ನೆ: ಹಳೇ ಬಾಗಲಕೋಟೆಯಿಂದ ಬಿಚ್ಚಿ ತಂದ ಸಾಗವಾನಿ ಬಾಗಿಲಿಗೆ ಬಣ್ಣ ಹಚ್ಚೋ ಕೆಲಸ ನಮಗ ಬಾಳ ಬರ್ತದ. ಐದಾರು ಪದರ ಆಯಿಲ್ ಪೇಂಟ್ ಕೂತಿರ್ತದ. ಗ್ಯಾಸ್ ಟಾರ್ಚ್‌ಲೇ ಸುಟ್ಟು ಕೆರೀತೇವಿ. ಮುಖಕ್ಕ ಟಾವೆಲ್ ಕಟ್ಕೊಂತೇವಿ, ಸಂಜಿಗೆ ಬೆಲ್ಲ ತಿಂತೇವಿ. ಇದರಾಗ ಸೀಸ ಇರ್ತದ ಅಂತಾರ, ಖರೇನ?
– ಪೇಂಟರ್, ನವನಗರ, ಬಾಗಲಕೋಟೆ

ಉತ್ತರ: ಖರೆ. ಮೊದಲು ಟಾರ್ಚ್ ಕೆಳಗಿಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಎನಾಮಲ್ಲಿನಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಹಸಿರಿನಲ್ಲಿ, ಸೀಸ ಇರುವ ಸಂಭವ ಹೆಚ್ಚು. ಮೇಲೆ ಬಿಳಿ ಕಂಡಿತೆಂದು ನಂಬಬೇಡಿ. ಮೂಲೆಯಲ್ಲಿ ಬ್ಲೇಡನ್ನು ಓರೆಯಾಗಿ ಎಳೆದರೆ ಅಡಿಯ ಪದರಗಳು ಗೆರೆಗೆರೆಯಾಗಿ ಬಿಚ್ಚಿಕೊಳ್ಳುತ್ತವೆ.

ಟಾರ್ಚಿನ ಉರಿಗೆ ಸೀಸ ಹೊಗೆಯಾಗಿ ಏಳುತ್ತದೆ. ಆ ಹೊಗೆಯನ್ನು ಟಾವೆಲ್ ತಡೆಯುವುದಿಲ್ಲ. ಒಣಗಿದ್ದಾಗಲೇ ಸ್ಯಾಂಡ್ ಪೇಪರ್ ಹೊಡೆಯುವುದೂ, ಗ್ರೈಂಡರ್ ಹಚ್ಚುವುದೂ ಅಷ್ಟೇ ಕೆಟ್ಟದ್ದು. ಬಾಗಿಲು ಬಿಚ್ಚಿ ಹೊರಗೆ ತನ್ನಿ. ಸುತ್ತ ಹತ್ತು ಅಡಿವರೆಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಸ್ಕ್ರೇಪರಿನಿಂದ ಕೆರೆಯಿರಿ. ಆಮೇಲೆ ವಾಟರ್ ಪೇಪರ್, ಮೊದಲು 120 ನಂಬರಿನದು, ನಂತರ 220. ನಡುವೆ ಒಣಗಿತೋ, ಮತ್ತೆ ನೀರು ಹೊಡೆಯಿರಿ. ಕೆಲಸ ನಿಧಾನವಾಗುತ್ತದೆ, ಕೂಲಿ ಮಾತಾಡುವಾಗ ಅದನ್ನೂ ಲೆಕ್ಕ ಹಿಡಿಯಿರಿ. ಮುಖಕ್ಕೆ ಪಿ-100 ಫಿಲ್ಟರಿನ ರಬ್ಬರ್ ಮಾಸ್ಕ್ ಬೇಕು. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ಕಸಬರಿಗೆ ಆಡಿಸದೆ ಹಸಿ ಬಟ್ಟೆಯಿಂದ ಒರೆಸಿ, ಕೆರೆದು ಬಿದ್ದ ಬಣ್ಣದ ಚೂರು-ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಕಟ್ಟಿ. ಅದನ್ನು ಸುಡಬಾರದು.

ಮಾಸ್ಕ್ ಹಾಕಿದವರೂ ತಪ್ಪುವುದು ಕೈಯಲ್ಲಿ. ನಡುವೆ ಅಂಗೈ ಮೇಲೆ ತಂಬಾಕು-ಸುಣ್ಣ ಹಾಕಿ ಹೆಬ್ಬೆರಳಿಂದ ತಿಕ್ಕಿದಿರಿ ಅನ್ನಿ, ಅಂಗೈ ಗೆರೆಯಲ್ಲಿ ಕೂತ ಧೂಳೂ ಅದರ ಜೊತೆಗೇ ಬಾಯಿಗೆ ಹೋಯಿತು. ಸೋಪು-ನೀರಿನಿಂದ ತೊಳೆಯಲೇಬೇಕು, ಸ್ಯಾನಿಟೈಜರಿಗೆ ಸೀಸ ಹೋಗುವುದಿಲ್ಲ. ಬೆಲ್ಲಕ್ಕೂ ಹೋಗುವುದಿಲ್ಲ. ಖಾಲಿ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ, ಹಾಗಾಗಿ ಬೆಳಿಗ್ಗೆ ರೊಟ್ಟಿ-ಪಲ್ಯ, ಮೊಸರು ಉಂಡೇ ಕೆಲಸಕ್ಕೆ ಹೋಗಿ.

ಕೆಲಸದ ಅಂಗಿಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ನುಂಗಿದ ಸೀಸದ ಅರ್ಧದಷ್ಟನ್ನು ಮಕ್ಕಳ ಮೈ ಹೀರಿಕೊಳ್ಳಬಲ್ಲದು.

ಹೊಟ್ಟೆ ನುಲಿತ, ಮಲಬದ್ಧತೆ, ಕೀಲುನೋವು ಕಾಣಿಸಲಿ ಎಂದು ಕಾಯಬೇಡಿ. ವೈದ್ಯರಿಗೆ ಕೆಲಸದ ವಿಷಯ ಹೇಳಿ ರಕ್ತದ ಸೀಸದ ಪರೀಕ್ಷೆ ಕೇಳಿ. ಡೆಸಿಲೀಟರಿಗೆ, ಅಂದರೆ 100 ಮಿ.ಲೀ. ರಕ್ತಕ್ಕೆ, 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದು ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕು. ಕೆಲಸ ನಡೆಯುತ್ತಿರುವಾಗಲೇ ಪರೀಕ್ಷೆ ಆಗಲಿ: ಬಿಟ್ಟ ಒಂದು ತಿಂಗಳಿಗೆ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ, ಎಲುಬಿನಲ್ಲಿ ಮಾತ್ರ ದಶಕಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಅಂದರೆ ಸೀಸವೇ?
– ಓದುಗರು, ಗೋಕಾಕ

ಉತ್ತರ: ಅಲ್ಲ. ಅದು ಕಬ್ಬಿಣದ ಆಕ್ಸೈಡ್, ಇಟ್ಟಿಗೆ ಬಣ್ಣ. ಸೀಸದ್ದು ರೆಡ್ ಲೆಡ್. ಕಿತ್ತಳೆ ಮಿಶ್ರಿತ ಕೆಂಪು, ಹಳೇ ಕಬ್ಬಿಣದ ಕೆಲಸಗಳ ಅಡಿಯಲ್ಲಿ ಸಿಗುತ್ತದೆ. 90 ಪಿಪಿಎಂ ನಿಯಮ ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಅಂಥ ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದು ಮನೆಯ ಗ್ರಿಲ್ಲಿಗೆ ಬಳಿಯಬೇಡಿ.