ಬೆವರು ಆರದ ಊರಿಗೆ ಬರುವ ಮುಂಚೆ

ನಮಸ್ಕಾರ. ನ್ಯೂಜೆರ್ಸಿಯಿಂದ ಸಿಂಗಪುರಕ್ಕೆ ಮನೆ ಬದಲಾಯಿಸ್ತಿದ್ದೀರಿ, ಜೊತೆಗೆ ಪುಟ್ಟ ಮಗ, ವಯಸ್ಸಾದ ಅತ್ತೆ. ಅಷ್ಟು ಹೊತ್ತು ವಿಮಾನದಲ್ಲಿ ಕೂರೋದು ಹೇಗೆ, ಬೆಂಗಳೂರಿನ ಬೇಸಿಗೆ ಕಂಡವರಿಗೆ ಇಲ್ಲಿನ ಸೆಕೆ ಯಾವ ಲೆಕ್ಕ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ ಕೊಡ್ತೀನಿ. ಬೆಂಗಳೂರಿನ ಬೇಸಿಗೆ ಇಲ್ಲಿ ಉಪಯೋಗಕ್ಕೆ ಬರಲ್ಲ. ಮೇ ತಿಂಗಳಲ್ಲಿ ಮಂಗಳೂರಲ್ಲಿ ಮದುವೆಗೆ ಹೋಗಿ ರೇಷ್ಮೆ ಸೀರೆ ಉಟ್ಟಿದ್ದರೆ ಸ್ವಲ್ಪ ಅಂದಾಜಿರುತ್ತೆ.

ಸಿಂಗಪುರದಲ್ಲಿ ಮಧ್ಯಾಹ್ನ 31ರಿಂದ 33 ಡಿಗ್ರಿ ಅಷ್ಟೇ, ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಇದಕ್ಕಿಂತ ಜಾಸ್ತಿ ಇರುತ್ತೆ. ಆದರೆ ರಾತ್ರಿಯೂ 23ಕ್ಕಿಂತ ಕೆಳಗೆ ಇಳಿಯೋದು ಅಪರೂಪ, ಬೆಳಗಿನ ಜಾವ ಗಾಳಿಯ ತೇವಾಂಶ ಶೇ. 90 ದಾಟಿರುತ್ತೆ. ಮೈ ತಣ್ಣಗಾಗೋದು ಬೆವರು ಸುರಿಯೋದರಿಂದಲ್ಲ, ಆರೋದರಿಂದ. ಇಲ್ಲಿ ಅದು ಬೇಗ ಆರೋದೇ ಇಲ್ಲ.

ಈಗ ವಿಮಾನದ ವಿಷಯ. ನ್ಯೂಯಾರ್ಕಿನಿಂದ ನೇರ ಬರೋದು 15,000 ಕಿ.ಮೀ.ಗೂ ಮೀರಿದ ಹಾದಿ, ಹದಿನೆಂಟು-ಹತ್ತೊಂಬತ್ತು ಗಂಟೆ. ಆ ಏರ್‌ಬಸ್ ಎ350ಯಲ್ಲಿ ಎಕಾನಮಿ ಕ್ಲಾಸೇ ಇಲ್ಲ, ಪ್ರೀಮಿಯಂ ಎಕಾನಮಿಯಿಂದ ಶುರು, ಟಿಕೆಟ್ ದರವೂ ಹಾಗೇ. ಸೀಟಿಗಿಂತ ಹೆಚ್ಚು ಕಾಡೋದು ಒಳಗಿನ ಒಣ ಗಾಳಿ. ಕ್ಯಾಬಿನ್ನಿನ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಮ್ಮಿ. ಇಡೀ ದಿನ ಹಾಗೆ ಒಣಗಿ, ಇಲ್ಲಿನ ಚಾಂಗಿ ವಿಮಾನ ನಿಲ್ದಾಣದ ಬಾಗಿಲು ದಾಟಿದ ತಕ್ಷಣ ಹಬೆಯೊಳಗೆ ನಿಂತರೆ ತಲೆ ಸುತ್ತದೆ ಇರುತ್ತಾ? ಬಾಯಾರಿಕೆ ಆಗೋವರೆಗೂ ಕಾಯದೆ ಗುಟುಕು ಗುಟುಕಾಗಿ ನೀರು ಕುಡೀತಾ ಇರಿ. ಕಾಫಿ ಆಸೆಯನ್ನ ಇಳಿದ ಮೇಲೆ ತೀರಿಸಿಕೊಳ್ಳಿ.

ಅತ್ತೆಯವರನ್ನ ಈ ನೇರ ವಿಮಾನದಲ್ಲಿ ಕೂರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಾಲು ಮಡಚಿ ಅಷ್ಟು ಹೊತ್ತು ಕೂತರೆ ರಕ್ತ ಹೆಪ್ಪುಗಟ್ಟೋ ಅಪಾಯ ವಯಸ್ಸಾದವರಿಗೆ ಹೆಚ್ಚು. ಬೆಂಗಳೂರಿಗೆ ಬಂದು ಕೆಲವು ವಾರ ಅಲ್ಲೇ ಇರಲಿ, ನಿಮ್ಮ ಮನೆ ಒಂದು ಹದಕ್ಕೆ ಬಂದ ಮೇಲೆ ಕರೆಸಿಕೊಳ್ಳಿ. ಅಲ್ಲಿಂದ ಇಲ್ಲಿಗೆ ನಾಲ್ಕೂವರೆ ಗಂಟೆ ಅಷ್ಟೇ. ರಕ್ತ ಹೆಪ್ಪುಗಟ್ಟದ ಹಾಗೆ ಬಿಗಿ ಕಾಲುಚೀಲ ಹಾಕಿಕೊಳ್ಳಬೇಕಾ ಅಂತ ಅವರ ಡಾಕ್ಟರನ್ನೇ ಕೇಳಿ. ಇನ್ನೊಂದು, ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಬ್ಯಾಗಲ್ಲಿದ್ದರೆ ಔಷಧಿಗಳನ್ನ ನಿಯಂತ್ರಿಸೋ ಇಲ್ಲಿನ ಸರ್ಕಾರಿ ಸಂಸ್ಥೆ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿ ಮೊದಲೇ ಬೇಕಾಗಬಹುದು. ಔಷಧಿ ವಿಷಯದಲ್ಲಿ ಈ ದೇಶ ತಮಾಷೆ ಮಾಡಲ್ಲ. ಎಸ್‌ಜಿ ಅರೈವಲ್ ಕಾರ್ಡ್ ಅನ್ನೋ ಸಿಂಗಪುರ ಪ್ರವೇಶದ ಫಾರ್ಮನ್ನ ಇಳಿಯೋ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬಿ, ಅದು ಪುಕ್ಕಟೆ. ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕರೆ ಮುಚ್ಚಿಬಿಡಿ.

ಅಮೆರಿಕದ ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ಇಲ್ಲಿಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಗಡಿಯಾರದ ಮುಳ್ಳು ತಿರುಗಿಸೋದೇ ಬೇಡ, ಆದರೆ ಮಗ ರಾತ್ರಿ ಎರಡಕ್ಕೆ ಎದ್ದು ಆಟ ಶುರು ಮಾಡ್ತಾನೆ. ಸಂಜೆ ಬಿಸಿಲು ಇಳಿದ ಮೇಲೆ ದಿನಾ ಆಚೆ ಓಡಾಡಿಸಿ. ಹಗಲೆಲ್ಲ ಎಸಿಯಲ್ಲೇ ಕೂತರೆ ಸೆಕೆ ಎಂದಿಗೂ ಒಗ್ಗಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆದರೆ ಒಂದೆರಡು ವಾರದಲ್ಲಿ ಮೈ ತಾನೇ ದಾರಿಗೆ ಬರುತ್ತೆ.

ಸ್ವೆಟರ್ ಮಾತ್ರ ಎಸೀಬೇಡಿ! ಮಾಲು, ಆಫೀಸು, ಬಸ್ಸು, ಎಂಆರ್‌ಟಿ ರೈಲು, ಎಲ್ಲ ಕಡೆ ಎಸಿ. ಪ್ರಧಾನಿಯಾದಾಗ ಮೊದಲು ಮಾಡಿದ ಕೆಲಸವೇ ಸರ್ಕಾರಿ ಕಚೇರಿಗಳಿಗೆ ಎಸಿ ಹಾಕಿಸಿದ್ದು ಅಂತ ಸಿಂಗಪುರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಹೇಳಿಕೊಂಡಿದ್ದರು. ಆ ಚಾಳಿ ಇವತ್ತಿಗೂ ಬಿಟ್ಟಿಲ್ಲ. ಒದ್ದೆ ಬೆನ್ನಲ್ಲಿ ಒಳಗೆ ಹೋಗಿ ಕೂತರೆ ಮಕ್ಕಳಿಗೆ ನೆಗಡಿ ಅಂತ ಇಲ್ಲಿನ ಅಮ್ಮಂದಿರೆಲ್ಲ ಗೊಣಗ್ತಾರೆ, ನಾನೂ ಸೇರಿ. ಚೀಲದಲ್ಲಿ ಮಗನಿಗೊಂದು ಒಣ ಅಂಗಿ ಇರಲಿ.

ಚರ್ಮದ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯುತ್ತೆ. ಒಳ್ಳೆ ಸೀರೆಗಳನ್ನ ಊರಲ್ಲೇ ಬಿಟ್ಟು, ಹತ್ತಿ ಬಟ್ಟೆ ತನ್ನಿ. ಅಡುಗೆ ಸಾಮಾನು ಹೊತ್ತು ತರೋ ಅಗತ್ಯ ಇಲ್ಲ. ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರಿನಲ್ಲಿ ನಮ್ಮ ಅಡುಗೆಗೆ ಬೇಕಾದ್ದು ಹೆಚ್ಚುಕಮ್ಮಿ ಎಲ್ಲ ಸಿಗುತ್ತೆ. ನಲ್ಲಿ ನೀರು ಹಾಗೇ ಕುಡಿಯಬಹುದು. ಹೂದಾನಿ, ಬಕೆಟ್ಟಿನಲ್ಲಿ ಮಾತ್ರ ನೀರು ನಿಲ್ಲಿಸಬೇಡಿ. ಡೆಂಗಿ ಇದೆ, ಸೊಳ್ಳೆ ಮರಿ ಸಿಕ್ಕರೆ ದಂಡವೂ ಇದೆ.

ಮನೆ ನೋಡೋವಾಗ ಪಶ್ಚಿಮಕ್ಕೆ ಮುಖ ಮಾಡಿದ ಫ್ಲಾಟ್ ಬಾಡಿಗೆ ಕಮ್ಮಿ ಅಂದರೂ ಒಪ್ಪಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಾದ ಗೋಡೆ ರಾತ್ರಿ ಮಲಗೋ ಹೊತ್ತಿಗೂ ಬಿಸಿ ಬಿಡ್ತಾ ಇರುತ್ತೆ, ಉಳಿಸಿದ ಬಾಡಿಗೆ ಕರೆಂಟ್ ಬಿಲ್ಲಿಗೆ ಹೋಗುತ್ತೆ. ಯಜಮಾನರ ಆಫೀಸು ಯಾವ ಕಡೆ ಅಂತ ತಿಳಿಸಿ, ಹತ್ತಿರದ ಏರಿಯಾಗಳನ್ನ ಹೇಳ್ತೀನಿ.