ಓದುಗರ ಪ್ರಶ್ನೆ: ಸಾಂಕ್ರಾಮಿಕದ ಕಾಲದ ಸೌರವಿದ್ಯುತ್

ಪ್ರಶ್ನೆ: ಕೋವಿಡ್ ಕಾಲದಲ್ಲಿ ಉಳಿದ ಉದ್ಯಮಗಳು ಕುಸಿದರೂ ಸೌರವಿದ್ಯುತ್ ಕ್ಷೇತ್ರ ಬೆಳೆಯಿತೆಂದು ಕೆಲವರು ಬರೆಯುತ್ತಾರೆ. ಫಲಕಗಳೇ ಸಿಗದೆ ಯೋಜನೆಗಳು ನಿಂತುಹೋದವೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು, ಆದರೆ ಅವು ನಡೆದ ತಿಂಗಳುಗಳು ಬೇರೆ ಬೇರೆ. 2020ರ ಜನವರಿ 23ರಂದು ವೂಹಾನ್ ನಗರ ಲಾಕ್‌ಡೌನ್ ಆದಾಗ ಚೀನಾದ ಅಸಂಖ್ಯ ಕಾರ್ಮಿಕರು ಹೊಸವರ್ಷದ ರಜೆಗೆಂದು ಊರುಗಳಿಗೆ ಹೋಗಿದ್ದರು. ರಜೆ ಮುಗಿದ ಮೇಲೂ ಅವರಲ್ಲಿ ಅನೇಕರಿಗೆ ಕೆಲಸಕ್ಕೆ ಮರಳಲಾಗಲಿಲ್ಲ. ಜಗತ್ತಿನ ಸೌರಫಲಕಗಳಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಆ ದೇಶದಲ್ಲೇ ತಯಾರಾಗುತ್ತಿದ್ದುದರಿಂದ ಪೆಟ್ಟು ಮೊದಲು ಪೂರೈಕೆಗೆ ಬಿತ್ತು. ಬಿಸಿಲನ್ನು ವಿದ್ಯುತ್ತಾಗಿಸುವ ಕೋಶಗಳು ಸಿದ್ಧವಿದ್ದರೂ ಮುಂಬದಿಯ ಗಾಜೋ ಅಲ್ಯೂಮಿನಿಯಂ ಚೌಕಟ್ಟೋ ತಂತಿಗಳನ್ನು ಜೋಡಿಸುವ ಜಂಕ್ಷನ್ ಬಾಕ್ಸೋ ಬರದಿದ್ದರೆ ಫಲಕ ಕಾರ್ಖಾನೆಯಿಂದ ಹೊರಬೀಳುವುದಿಲ್ಲ. ಮಾರ್ಚ್ ಹೊತ್ತಿಗೆ ಅಲ್ಲಿನ ಕಾರ್ಖಾನೆಗಳು ಚೇತರಿಸಿಕೊಂಡವು, ಆದರೆ ಅಷ್ಟರಲ್ಲಿ ಕೊಳ್ಳುವ ದೇಶಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಿದ್ದವು.

ಆ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ವರ್ಷದ ಹೊಸ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ ಶೇಕಡ 13ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ವರ್ಷದ ಲೆಕ್ಕ ಬಂದಾಗ ಅದು ಸುಮಾರು ಶೇಕಡ 45ರಷ್ಟು ಏರಿತ್ತು. ತಜ್ಞರ ಲೆಕ್ಕ ಇಷ್ಟೊಂದು ತಲೆಕೆಳಗಾಗಲು ಮುಖ್ಯ ಕಾರಣ, ನನ್ನ ಮಟ್ಟಿಗೆ, ಸರ್ಕಾರಿ ಗಡುವುಗಳು. ವಿಯೆಟ್ನಾಂನಲ್ಲಿ ಚಾವಣಿ ಘಟಕಗಳ ವಿದ್ಯುತ್ತನ್ನು ಕೊಳ್ಳಲು ಸರ್ಕಾರ ನಿಗದಿಪಡಿಸಿದ್ದ ದರ 2020ರ ಡಿಸೆಂಬರ್ 31ಕ್ಕೆ ಮುಗಿಯುವುದಿತ್ತು, ಹಾಗಾಗಿ ಅಲ್ಲಿ ಕೊನೆಯ ವಾರಗಳಲ್ಲಿ ಘಟಕಗಳನ್ನು ಹೂಡುವ ನೂಕುನುಗ್ಗಲೇ ನಡೆಯಿತು. ಚೀನಾದಲ್ಲೂ ಸಹಾಯಧನದ ಗಡುವು ಅದೇ ಕೆಲಸ ಮಾಡಿತು. ಇದಕ್ಕೆ ವ್ಯತಿರಿಕ್ತವಾಗಿ ಭಾರತ ಸರ್ಕಾರ ಲಾಕ್‌ಡೌನನ್ನು ಅನಿವಾರ್ಯ ಅಡಚಣೆಯೆಂದು ಪರಿಗಣಿಸಿ ಯೋಜನೆಗಳಿಗೆ ಐದು ತಿಂಗಳ ಹೆಚ್ಚುವರಿ ಕಾಲಾವಕಾಶ ಕೊಟ್ಟಿತು. ಇದರಿಂದ ಗುತ್ತಿಗೆದಾರರು ದಂಡದಿಂದ ಪಾರಾದರು, ಕಾಮಗಾರಿಗಳು ಮುಂದಿನ ವರ್ಷಕ್ಕೆ ಸರಿದವು. ರೋಗವು ಬೇಡಿಕೆಯನ್ನು ಕೊಲ್ಲಲಿಲ್ಲ, ದಿನಾಂಕಗಳನ್ನು ಕದಲಿಸಿತು ಎನ್ನುವುದೇ ಸರಿ. ಆದರೆ ಕೆಲವು ತಿಂಗಳು ಕೆಲಸ ನಿಂತರೆ ತಾಳಿಕೊಳ್ಳುವಷ್ಟು ಬಂಡವಾಳ ದೊಡ್ಡ ಕಂಪನಿಗಳಿಗೆ ಇರುತ್ತದೆ, ಚಾವಣಿಯ ಮೇಲೆ ಫಲಕ ಕೂರಿಸುವ ನಾಲ್ಕಾರು ಜನರ ತಂಡಕ್ಕೆ ಇರುವುದಿಲ್ಲ. ದಾಖಲೆಯ ಅಂಕಿಗಳಲ್ಲಿ ಆ ತಂಡಗಳ ನಷ್ಟ ಕಾಣಿಸುವುದಿಲ್ಲ.

ಪ್ರಶ್ನೆ: ಕಚೇರಿ, ಕಾರ್ಖಾನೆಗಳು ಮುಚ್ಚಿದಾಗ ವಿದ್ಯುತ್ ಬಳಕೆಯೇ ಇಳಿಯುತ್ತದೆಯಲ್ಲ? ಆಗ ಸೌರವಿದ್ಯುತ್ತನ್ನು ಕೊಳ್ಳುವವರು ಯಾರು?

ಉತ್ತರ: ಪೂರ್ಣ ಲಾಕ್‌ಡೌನ್ ಇದ್ದ ಹಲವು ದೇಶಗಳಲ್ಲಿ ಬಳಕೆ ಶೇಕಡ 20 ಅಥವಾ ಅದಕ್ಕೂ ಹೆಚ್ಚು ಇಳಿದದ್ದು ನಿಜ. ಆದರೆ ಸೌರ ಘಟಕಕ್ಕೆ ಇಂಧನದ ವೆಚ್ಚವಿಲ್ಲ. ಬೇಡಿಕೆ ತಗ್ಗಿದಾಗ ಗ್ರಿಡ್ ಮೊದಲು ಕೈಬಿಡುವುದು ಕಲ್ಲಿದ್ದಲು ಸುಡುವ ದುಬಾರಿ ಸ್ಥಾವರಗಳನ್ನು. ಒಂದು ಸ್ವಾರಸ್ಯದ ಸಂಗತಿಯೂ ಇದೆ: 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ಗಾಳಿ ತಿಳಿಯಾಗಿ, ಫಲಕಗಳನ್ನು ತಲುಪುವ ಬಿಸಿಲು ಹಿಂದಿನ ವರ್ಷಗಳಿಗಿಂತ ಸುಮಾರು ಶೇಕಡ 8ರಷ್ಟು ಹೆಚ್ಚಿತ್ತೆಂದು ಸಂಶೋಧಕರು ಅಳೆದಿದ್ದಾರೆ. ನಿಜವಾದ ಅಪಾಯವಿದ್ದದ್ದು ಪಾವತಿಯಲ್ಲಿ. ಗ್ರಾಹಕರು ಬಿಲ್ ಕಟ್ಟದಿದ್ದರೆ ವಿತರಣಾ ಕಂಪನಿಯ ಕೈ ಬರಿದಾಗುತ್ತದೆ, ಆಗ ಉತ್ಪಾದಕನಿಗೆ ಬರಬೇಕಾದ ಹಣವೂ ತಡವಾಗುತ್ತದೆ.

ಪ್ರಶ್ನೆ: ರೋಗ ಇಳಿಮುಖವಾದ ಮೇಲೆ ಫಲಕಗಳ ಬೆಲೆ ಏರಿದ್ದೇಕೆ?

ಉತ್ತರ: ಫಲಕದ ಮೂಲವಸ್ತುವಾದ ಪಾಲಿಸಿಲಿಕಾನ್ 2020ರ ಮಧ್ಯದಲ್ಲಿ ಕಿಲೋಗೆ 7 ಡಾಲರಿಗಿಂತ ಕೆಳಗಿತ್ತು. ಆ ದರದಲ್ಲಿ ಹೊಸ ಸ್ಥಾವರಕ್ಕೆ ಹಣ ಹೂಡುವ ಉತ್ಸಾಹ ಯಾರಿಗೂ ಬರುವಂತಿರಲಿಲ್ಲ. ಅದೇ ಜುಲೈನಲ್ಲಿ ಚೀನಾದ ಷಿನ್‌ಜಿಯಾಂಗ್ ಪ್ರದೇಶದ ಒಂದು ಪಾಲಿಸಿಲಿಕಾನ್ ಸ್ಥಾವರದಲ್ಲಿ ಸ್ಫೋಟವೂ ಆಯಿತು. ಅದಕ್ಕೂ ರೋಗಕ್ಕೂ ಸಂಬಂಧವಿಲ್ಲ, ಎರಡೂ ಕೂಡಿ ಬಂದವು ಅಷ್ಟೆ. ಮುಂದೂಡಿದ್ದ ಯೋಜನೆಗಳೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಫಲಕ ಜೋಡಿಸುವ ಘಟಕಗಳು ಬೇಗ ವಿಸ್ತರಿಸಿಕೊಂಡವು, ಆದರೆ ಕಟ್ಟಲು ಒಂದೂವರೆ ಎರಡು ವರ್ಷ ಹಿಡಿಯುವ ಪಾಲಿಸಿಲಿಕಾನ್ ಸ್ಥಾವರಗಳು ಹಿಂದೆ ಬಿದ್ದವು. 2021ರ ಮಧ್ಯದಲ್ಲಿ ಪಾಲಿಸಿಲಿಕಾನ್ ಬೆಲೆ 25 ಡಾಲರ್ ದಾಟಿತು, ಹಡಗಿನ ಕಂಟೇನರ್ ಬಾಡಿಗೆ ಅದರ ಮೇಲೆ ಸೇರಿತು. ಹೊಸ ಸ್ಥಾವರಗಳು ಉತ್ಪಾದನೆಗಿಳಿದ ನಂತರ, 2023ರಲ್ಲಿ, ಪಾಲಿಸಿಲಿಕಾನ್ ಬೆಲೆ ಮತ್ತೆ 10 ಡಾಲರಿಗಿಂತ ಕೆಳಗೆ ಬಂತು.